ಕೂಂಬ್ಸ್ ನೆಗೆಟಿವ್, ಆದ್ರೂ ಐಎಂಎಚ್‌ಎ ಅಂತಾರೆ. ಯಾವ ರಿಪೋರ್ಟ್ ನಂಬೋದು?

ಚಿನ್ನು_ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಚಿನ್ನು ಕಾಕರ್ ಸ್ಪ್ಯಾನಿಯಲ್, ಆರು ವರ್ಷದ ಹೆಣ್ಣು, 11 ಕೆ.ಜಿ. ಈ ವಾರ ಇದ್ದಕ್ಕಿದ್ದ ಹಾಗೆ ಊಟ ಬಿಟ್ಟಳು. ಮೆಟ್ಟಿಲು ಹತ್ತೋಕೆ ಹೋಗಿ ಅರ್ಧಕ್ಕೇ ಕೂತುಬಿಡ್ತಾಳೆ. ತುಟಿ ಎತ್ತಿ ನೋಡಿದ್ರೆ ಒಸಡು ಬೆಳ್ಳಗಿದೆ, ಕಿವಿಯ ಒಳಗಿನ ಚರ್ಮ ಹಳದಿ, ಮೂತ್ರ ಕಡು ಹಳದಿ.

ರಕ್ತದ ರಿಪೋರ್ಟ್: ಹಿಮೋಗ್ಲೋಬಿನ್ 5.4, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 13, ಎಂಸಿಎಚ್‌ಸಿ (ಕೆಂಪು ಕಣದೊಳಗೆ ಹಿಮೋಗ್ಲೋಬಿನ್ ಎಷ್ಟು ದಟ್ಟ ಅನ್ನೋ ಅಂಕಿ) 41.5, ಬಿಳಿ ರಕ್ತಕಣ 34,000, ಪ್ಲೇಟ್‌ಲೆಟ್ 1.1 ಲಕ್ಷ, ಬಿಲಿರುಬಿನ್ (ಕೆಂಪು ಕಣ ಒಡೆದಾಗ ಏರೋ ಹಳದಿ ಅಂಶ) 4.8.

ಮೊದಲು ತೋರಿಸಿದ ಡಾಕ್ಟ್ರು "ಇದು ಐಎಂಎಚ್‌ಎ, ಇವಳ ರೋಗನಿರೋಧಕ ವ್ಯವಸ್ಥೆಯೇ ಇವಳ ಕೆಂಪು ರಕ್ತಕಣಗಳನ್ನ ಒಡೀತಾ ಇದೆ, ಇವತ್ತೇ ಸ್ಟೀರಾಯ್ಡ್ ಶುರು ಮಾಡೋಣ" ಅಂದ್ರು. ಖಚಿತ ಮಾಡ್ಕೊಳ್ಳೋಕೆ ಕೂಂಬ್ಸ್ ಟೆಸ್ಟ್ ಬರೆದುಕೊಟ್ರು. ಹತ್ತಿರದ ಲ್ಯಾಬಲ್ಲಿ ಮಾಡಿಸಿದ್ವಿ, ನೆಗೆಟಿವ್ ಬಂತು. ಇನ್ನೊಬ್ಬ ಡಾಕ್ಟ್ರಿಗೆ ತೋರಿಸಿದ್ರೆ "ಕೂಂಬ್ಸ್ ನೆಗೆಟಿವ್ ಅಂದ್ಮೇಲೆ ಐಎಂಎಚ್‌ಎ ಅಲ್ಲವೇ ಅಲ್ಲ, ಉಣುಗು ಕಚ್ಚಿ ಬರೋ ಟಿಕ್ ಫೀವರ್, ಸ್ಟೀರಾಯ್ಡ್ ಮುಟ್ಟಬೇಡಿ" ಅಂತಾರೆ. ಇಬ್ಬರೂ ಒಳ್ಳೆಯವರೇ. ಮನೇಲಿ ಯಾರಿಗೂ ನಿದ್ದೆ ಇಲ್ಲ. ಇದನ್ನ ಅನುಭವಿಸಿದವರು ದಯವಿಟ್ಟು ಹೇಳಿ, ಯಾವ ನಂಬರ್ ನೋಡಿ ನಿರ್ಧಾರ ಮಾಡಬೇಕು?

ಕರಿಯನ_ಅಮ್ಮ

ಅಯ್ಯೋ ಪಾಪ. ಪಿಸಿವಿ 13 ಅಂದ್ರೆ ತುಂಬಾ ಕಡಿಮೆ ಕಣ್ರೀ. ನಾಯಿಗೆ 37ರಿಂದ 55 ಇರಬೇಕು. ಮೊದಲು ರಕ್ತ ಕೊಡಿಸೋ ವ್ಯವಸ್ಥೆ ನೋಡಿ, ಉಳಿದದ್ದು ಆಮೇಲೆ.

ತೋಟದಮನೆ_ಸಕಲೇಶಪುರ

ಟಿಕ್ ಫೀವರೇ ಇರುತ್ತೆ. ನಮ್ಮ ಕಡೆ ಹತ್ತರಲ್ಲಿ ಒಂಬತ್ತು ಅದೇ. ಪರಂಗಿ ಎಲೆ ರಸ ಕೊಡಿ, ಪ್ಲೇಟ್‌ಲೆಟ್ ಏರುತ್ತೆ. ಜೊತೆಗೆ ಬೀಟ್‌ರೂಟ್, ಐರನ್ ಟಾನಿಕ್.

ಪಶುವೈದ್ಯ_ಧಾರವಾಡ

ಮೊದಲು ಒಂದು ಮಾತು ಹೇಳ್ರಿ ಮೇಡಂ, ಕೂಂಬ್ಸ್ ಮಾಡಿಸಿದ ಲ್ಯಾಬ್ ಮನುಷ್ಯರದೋ, ಪ್ರಾಣಿಗಳದೋ?

ಚಿನ್ನು_ಮೈಸೂರು

ಮನುಷ್ಯರದು ಡಾಕ್ಟ್ರೇ. ನಾಯಿ ರಕ್ತವನ್ನೂ ತಗೋತೀವಿ ಅಂದ್ರು.

ಪಶುವೈದ್ಯ_ಧಾರವಾಡ

ಹಂಗಾದ್ರ ಆ ನೆಗೆಟಿವ್‌ಗೆ ಬೆಲೆನೇ ಇಲ್ರಿ. ಅದನ್ನ ಫೈಲಿಂದ ತೆಗೆದುಬಿಡ್ರಿ.

ಕೂಂಬ್ಸ್ ಹುಡುಕೋದು ಏನು? ಕೆಂಪು ಕಣದ ಮೈಮ್ಯಾಗ ಆಂಟಿಬಾಡಿ ಅಂಟಿಕೊಂಡೈತೇನು ಅಂತ. ಆ ಆಂಟಿಬಾಡಿ ಹಿಡಿಯಾಕ ಹಾಕೋ ರೀಏಜೆಂಟ್ (ಪರೀಕ್ಷೆಗೆ ಹಾಕೋ ದ್ರವ) ಆ ಜಾತಿಯ ಪ್ರಾಣಿಗೆ ಅಂತಲೇ ಮಾಡಿದ್ದಾಗಿರಬೇಕು. ಮನುಷ್ಯರ ಲ್ಯಾಬಿನ್ಯಾಗ ಇರೋದು ಮನುಷ್ಯರ ಆಂಟಿಬಾಡಿ ಗುರುತಿಸೋ ರೀಏಜೆಂಟ್. ನಾಯಿ ಆಂಟಿಬಾಡಿ ಅದರ ಕಣ್ಣಿಗೆ ಬೀಳೂದಿಲ್ಲ. ನಾಯಿಗೆ ನಾಯಿ ಆಂಟಿಬಾಡಿ ಗುರುತಿಸೋ ರೀಏಜೆಂಟೇ ಬೇಕು. ಅದನ್ನ ಬಳಸಿ ಮಾಡಿದ್ರೂ ಕೆಲವು ಕೇಸಿನ್ಯಾಗ ನೆಗೆಟಿವ್ ಬರ್ತೈತಿ, ಸ್ಟೀರಾಯ್ಡ್ ಶುರು ಆದಮೇಲಂತೂ ಆ ಸಂಭವ ಇನ್ನೂ ಜಾಸ್ತಿ.

ಈಗ ಮೂರು ಕೆಲಸ ಮಾಡಿಸ್ರಿ, ಮೂರಕ್ಕೂ ದೊಡ್ಡ ಖರ್ಚಿಲ್ಲ. ಸಲೈನ್ ಸ್ಲೈಡ್ ಟೆಸ್ಟ್, ಅನುಭವ ಇದ್ದವರ ಕಣ್ಣಿಂದ ರಕ್ತದ ಸ್ಮಿಯರ್ (ಗಾಜಿನ ಮ್ಯಾಲೆ ರಕ್ತ ತೆಳ್ಳಗೆ ಸವರಿ ಮೈಕ್ರೋಸ್ಕೋಪಿನ್ಯಾಗ ನೋಡೋದು), ಕೈಯಿಂದ ಮಾಡಿದ ಪಿಸಿವಿ. ನಿಮ್ಮ ಎಂಸಿಎಚ್‌ಸಿ 41.5 ನೋಡಿದ್ರ ನನಗ ಮಶೀನ್ ಪಿಸಿವಿ ಮ್ಯಾಲೆ ಅನುಮಾನ.

ಪರಂಗಿ ಎಲೆ ವಿಷಯ ಆಮೇಲೆ ಬರೀತೀನಿ. ಸದ್ಯಕ್ಕ ಬಾಯಿಗೆ ಏನೂ ಒತ್ತಿ ಹಾಕಬ್ಯಾಡ್ರಿ. ಇಷ್ಟು ರಕ್ತ ಕಡಿಮೆ ಇದ್ದ ನಾಯಿ ಒದ್ದಾಡಿದ್ರ ಅದೇ ಅಪಾಯ.

ಲ್ಯಾಬ್_ಟೆಕ್_ಶಿವಮೊಗ್ಗ

ನಾನು ಮನುಷ್ಯರ ಲ್ಯಾಬಲ್ಲೇ ಇರೋನು. ಡಾಕ್ಟ್ರು ಹೇಳಿದ್ದು ಸರಿ. ಆದ್ರೆ ನಮ್ಮನ್ನ ಪೂರ್ತಿ ದೂರಬೇಡಿ ಸರ್, ಹಳ್ಳಿ ಕಡೆ ನಾಯಿ ರಕ್ತ ನೋಡೋಕೆ ಬೇರೆ ಗತಿ ಇರಲ್ಲ. ಬಿಲಿರುಬಿನ್, ಎಎಲ್‌ಟಿ, ಕ್ರಿಯಾಟಿನಿನ್ ನಮ್ಮಲ್ಲೂ ಚೆನ್ನಾಗೇ ಬರುತ್ತೆ. ತೊಂದರೆ ಇರೋದು ಕಣ ಎಣಿಸೋದರಲ್ಲಿ. ನಮ್ಮ ಅನಲೈಸರ್ ಮನುಷ್ಯರ ಕಣದ ಅಳತೆಗೆ ಸೆಟ್ ಆಗಿರುತ್ತೆ, ನಾಯಿ ಕೆಂಪು ಕಣ ಅದಕ್ಕಿಂತ ಚಿಕ್ಕದು. ರಿಪೋರ್ಟ್ ಪಕ್ಕದಲ್ಲಿ ಅಚ್ಚಾಗೋ ನಾರ್ಮಲ್ ರೇಂಜ್ ಕೂಡ ಮನುಷ್ಯರದೇ.

ಎಂಸಿಎಚ್‌ಸಿ ಬಗ್ಗೆ: ಮಶೀನ್ ಹಿಮೋಗ್ಲೋಬಿನ್ನನ್ನ ಕಣ ಒಡೆದು ಅಳೆಯುತ್ತೆ, ಪಿಸಿವಿಯನ್ನ ಕಣ ಎಣಿಸಿ ಲೆಕ್ಕ ಹಾಕುತ್ತೆ. ಕಣಗಳು ಒಂದಕ್ಕೊಂದು ಅಂಟಿ ಗುಂಪಾಗಿದ್ರೆ ಎಷ್ಟೋ ಕಣ ಎಣಿಕೆಗೇ ಸಿಗಲ್ಲ, ಪಿಸಿವಿ ಸುಳ್ಳೇ ಕಡಿಮೆ ತೋರಿಸುತ್ತೆ. ಎರಡನ್ನೂ ಭಾಗಿಸಿದಾಗ ಎಂಸಿಎಚ್‌ಸಿ 36 ದಾಟಿ ಹೋಗುತ್ತೆ. ಕಣ ರಕ್ತನಾಳದಲ್ಲೇ ಒಡೆದು ಹಿಮೋಗ್ಲೋಬಿನ್ ಪ್ಲಾಸ್ಮಾಗೆ ಬಂದಿದ್ರೂ ಹೀಗೇ ಆಗುತ್ತೆ. ರಕ್ತ ಎಳೆಯುವಾಗ ಸಿರಿಂಜಲ್ಲೇ ಒಡೆದಿದ್ರೂ ಅಷ್ಟೇ. ಅದಕ್ಕೇ 41 ಕಂಡ ತಕ್ಷಣ ಟ್ಯೂಬ್ ಕೈಗೆ ತಗೊಂಡು ನೋಡಬೇಕು.

ಇನ್ನೊಂದು: ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ರಾಸಾಯನಿಕ) ಟ್ಯೂಬಿಗೆ ಗುರುತು ಇರೋವರೆಗೂ ರಕ್ತ ತುಂಬಿಸಿ. ಅರ್ಧ ಮಿ.ಲೀ. ಹಾಕಿದ್ರೆ ಇಡಿಟಿಎ ಜಾಸ್ತಿಯಾಗಿ ಕಣ ಸುಕ್ಕಾಗುತ್ತೆ, ಪಿಸಿವಿ ಇನ್ನೂ ಇಳಿಯುತ್ತೆ. ಚಿಕ್ಕ ನಾಯಿ ಆದ್ರೆ ಚಿಕ್ಕ ಟ್ಯೂಬ್ ಕೇಳಿ.

ಕಡಲೂರ_ಮಾಣಿ

ಮಾರಾಯ್ರೆ, ಒಂದು ವಿಷಯ ಗೊತ್ತುಂಟಾ? ಆ ಕೂಂಬ್ಸ್ ಅನ್ನುವವರು ಓದಿದ್ದು ಪಶುವೈದ್ಯಕೀಯ! ರಾಬಿನ್ ಕೂಂಬ್ಸ್. ಎಡಿನ್‌ಬರೋದಲ್ಲಿ ವೆಟರ್ನರಿ ಮುಗಿಸಿ ಕೇಂಬ್ರಿಡ್ಜಿಗೆ ಹೋಗಿ, 1945ರಲ್ಲಿ ಮೌರಾಂಟ್, ರೇಸ್ ಅವರ ಜೊತೆ ಸೇರಿ ಈ ಟೆಸ್ಟ್ ಪ್ರಕಟಿಸಿದ್ದು. ಮನುಷ್ಯರಿಗೆ ಉಪಕಾರ ಮಾಡಿದ್ದು ಒಬ್ಬ ದನದ ಡಾಕ್ಟ್ರು. ಹೇಳಬೇಕು ಅನ್ನಿಸ್ತು.

ಕರಿಯನ_ಅಮ್ಮ

ಒಳ್ಳೆ ವಿಷಯ. ಆದ್ರೆ ಚಿನ್ನು ಕಥೆಗೆ ಬನ್ನಿ ಪ್ಲೀಸ್.

ಬೆಂಗಳೂರು_ಬೀಗಲ್

ನಮ್ಮ ಬೀಗಲ್‌ಗೆ ಇದೇ ಆಗಿತ್ತು, ಈಗ ಆರಾಮಾಗಿದಾನೆ. ಸಲೈನ್ ಟೆಸ್ಟ್ ಡಾಕ್ಟ್ರು ನನ್ನ ಮುಂದೇನೇ ಮಾಡಿದ್ರು. ಗಾಜಿನ ಸ್ಲೈಡ್ ಮೇಲೆ ಒಂದು ಹನಿ ರಕ್ತ, ನಾಲ್ಕು ಹನಿ ನಾರ್ಮಲ್ ಸಲೈನ್, ಮೆಲ್ಲಗೆ ಓಲಾಡಿಸಿದ್ರು. ನೀರಲ್ಲಿ ಕರಗದ ರವೆ ಥರ ಕೆಂಪು ಚುಕ್ಕಿ ಚುಕ್ಕಿ ಹಾಗೇ ನಿಂತುಬಿಟ್ಟಿತು. ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಕಣಗಳು ದ್ರಾಕ್ಷಿ ಗೊಂಚಲು. ಅದನ್ನ ನೋಡಿದ ಮೇಲೆ ನನಗೆ ಯಾವ ಅನುಮಾನವೂ ಉಳೀಲಿಲ್ಲ.

ಪಶುವೈದ್ಯ_ಧಾರವಾಡ

ಸರಿಯಾಗಿ ಹೇಳಿದ್ರಿ. ಒಂದು ಎಚ್ಚರಿಕೆ ಸೇರಿಸ್ತೀನಿ. ಉರಿಯೂತ ಇದ್ದಾಗ ಕಣಗಳು ನಾಣ್ಯ ಪೇರಿಸಿದಂಗ ಸಾಲಾಗಿ ನಿಲ್ತಾವು, ಅದಕ್ಕ ರೌಲೋ ಅಂತಾರ. ಬರಿಗಣ್ಣಿಗೆ ಅದೂ ಗುಂಪಿನಂಗೇ ಕಾಣ್ತೈತಿ. ಸಲೈನ್ ಬೆರೆಸಿದ್ರ ರೌಲೋ ಬಿಚ್ಚಿಕೊಳ್ತೈತಿ, ಆಂಟಿಬಾಡಿಯಿಂದ ಅಂಟಿದ್ದು ಬಿಚ್ಚೂದಿಲ್ಲ. ಸಂಶಯ ಇದ್ರ ಇನ್ನಷ್ಟು ಸಲೈನ್ ಹಾಕಿ ನೋಡಬೇಕು, ಇಲ್ಲಾ ಕಣಗಳನ್ನ ಸಲೈನಿನ್ಯಾಗ ಮೂರು ಸಲ ತೊಳೆದು ನೋಡಬೇಕು. ತೊಳೆದ ಮ್ಯಾಲೂ ಅಂಟಿಕೊಂಡೇ ಇದ್ರ ಕೂಂಬ್ಸ್ ಮಾಡಿಸೋ ಅಗತ್ಯವೇ ಬೀಳೂದಿಲ್ಲ.

ಸ್ಮಿಯರಿನ್ಯಾಗ ನೋಡಬೇಕಾದ್ದು ಸ್ಫೀರೋಸೈಟ್. ನಾಯಿಯ ಕೆಂಪು ಕಣದ ನಡುವ ತಿಳಿ ಬಣ್ಣದ ಜಾಗ ಇರ್ತೈತಿ. ಗುಲ್ಮದಾಗಿನ (ಸ್ಪ್ಲೀನ್) ಮ್ಯಾಕ್ರೋಫೇಜ್ ಅನ್ನೋ ರಕ್ಷಣಾ ಕೋಶ ಕೆಂಪು ಕಣದ ಪೊರೆ ಸ್ವಲ್ಪ ಕಚ್ಚಿ ತಿಂದು ಬಿಟ್ಟ ಮ್ಯಾಲೆ ಉಳಿದದ್ದು ಸಣ್ಣಗೆ, ದುಂಡಗೆ, ಪೂರ್ತಿ ಗಾಢ ಕೆಂಪಾಗಿ ಕಾಣ್ತೈತಿ. ದೊಡ್ಡ ಲೆನ್ಸಿನ ಒಂದೊಂದು ನೋಟಕ್ಕ ಐದು ಅಥವಾ ಅದಕ್ಕಿಂತ ಜಾಸ್ತಿ ಸಿಕ್ಕರ ಅದು ಗಟ್ಟಿ ಸಾಕ್ಷಿ. ಅಮೆರಿಕನ್ ಕಾಲೇಜ್ ಆಫ್ ವೆಟರ್ನರಿ ಇಂಟರ್ನಲ್ ಮೆಡಿಸಿನ್ 2019ರಲ್ಲಿ ಕೊಟ್ಟ ಮಾರ್ಗಸೂಚಿನೂ ಇದನ್ನೇ ಹೇಳ್ತೈತಿ: ಸ್ಫೀರೋಸೈಟ್, ಸಲೈನ್ ಟೆಸ್ಟ್, ಕೂಂಬ್ಸ್, ಇವುಗಳ ಪೈಕಿ ಕನಿಷ್ಠ ಎರಡು ಇರಬೇಕು (ತೊಳೆದ ಮ್ಯಾಲೂ ಗುಂಪು ಬಿಡದಿದ್ರ ಅದೊಂದೇ ಸಾಕು), ಜೊತೆಗೆ ಕಣ ಒಡೀತಿರೋ ಗುರುತು ಒಂದಾದರೂ ಬೇಕು. ಬಿಲಿರುಬಿನ್ ಏರಿದ್ದು ಆ ಗುರುತುಗಳ ಪೈಕಿ ಒಂದು, ಲಿವರ್ ಕಾರಣ ಅಲ್ಲ ಅಂತ ಖಾತ್ರಿ ಆಗಬೇಕಷ್ಟೇ. ಒಂದೇ ಟೆಸ್ಟಿಗೆ ಜೋತು ಬೀಳಬ್ಯಾಡ್ರಿ ಅಂತ ನಾನು ಬಡಕೊಳ್ಳೋದು ಇದಕ್ಕೇ.

ತೋಟದಮನೆ_ಸಕಲೇಶಪುರ

ಹಾಗಾದ್ರೆ ಪ್ಲೇಟ್‌ಲೆಟ್ 1.1 ಲಕ್ಷ ಯಾಕೆ? ಅದು ಟಿಕ್ ಫೀವರ್ ಲಕ್ಷಣ ಅಲ್ವಾ? ಎರಡನೇ ಡಾಕ್ಟ್ರು ಹೇಳಿದ್ದೂ ತಪ್ಪಲ್ಲ.

ಪಶುವೈದ್ಯ_ಧಾರವಾಡ

ತಪ್ಪು ಅಂತ ನಾನೆಲ್ಲಿ ಅಂದೆ ಸರ್? ಎರಡೂ ಒಟ್ಟಿಗೇ ಇರಬಹುದು. ನಮ್ಮ ಕಡೆ ಬಬೇಸಿಯಾ ಗಿಬ್ಸೋನಿ ಅನ್ನೋ ಸಣ್ಣ ಪರಾವಲಂಬಿ ಬೇಕಾದಷ್ಟೈತಿ. ಅದು ಕಣದ ಒಳಗ ಹೊಕ್ಕು ತಾನೂ ಒಡೀತೈತಿ, ರೋಗನಿರೋಧಕ ವ್ಯವಸ್ಥೆಯನ್ನೂ ಕೆರಳಿಸ್ತೈತಿ. ಅಂಥ ನಾಯಿಗೆ ಕೂಂಬ್ಸ್ ಪಾಸಿಟಿವ್ ಬರಬಹುದು, ಸ್ಫೀರೋಸೈಟೂ ಕಾಣಬಹುದು. ಅಂದ್ರ ಕೂಂಬ್ಸ್ ಪಾಸಿಟಿವ್ ಬಂದ್ರೂ ಟಿಕ್ ಫೀವರ್ ಅಲ್ಲ ಅಂತ ಹೇಳಾಕ ಬರೂದಿಲ್ಲ. ಹಿಂದಿನ ಕಾರಣ ಬೇರೆ ಟೆಸ್ಟಿನಿಂದಲೇ ಹುಡುಕಬೇಕು.

ಕಿವಿ ತುದಿಯ ರಕ್ತದ ಸ್ಮಿಯರ್ ಮಾಡಿಸ್ರಿ, ಪರಾವಲಂಬಿ ಇದ್ದ ಕಣ ಅಲ್ಲಿ ಸಿಗೋ ಸಂಭವ ಜಾಸ್ತಿ. ಸ್ಮಿಯರಿನ್ಯಾಗ ಕಾಣಲಿಲ್ಲ ಅಂದ್ರ ಇಲ್ಲ ಅಂತಲ್ಲ, ಪಿಸಿಆರ್ ಕಳಿಸಬೇಕು. ಅದರಾಗ ಬಬೇಸಿಯಾ, ಎರ್ಲಿಕಿಯಾ (ಉಣುಗಿನಿಂದಲೇ ಬರೋ ಇನ್ನೊಂದು ಸೋಂಕು) ಎರಡನ್ನೂ ಕೇಳ್ರಿ. ಯಾವ ಬಬೇಸಿಯಾ ಅನ್ನೋದೂ ಮುಖ್ಯ. ದೊಡ್ಡ ಜಾತಿಗೆ ಕೆಲಸ ಮಾಡೋ ಇಂಜೆಕ್ಷನ್ ಗಿಬ್ಸೋನಿಗೆ ಅಷ್ಟಾಗಿ ಹತ್ತೂದಿಲ್ಲ.

ಇನ್ನು ಐರನ್ ಟಾನಿಕ್. ಈ ಕಾಯಿಲೆಯಾಗ ಕಬ್ಬಿಣ ಮೈಯಿಂದ ಹೊರಗ ಹೋಗೂದಿಲ್ರಿ, ಒಡೆದ ಕಣದ ಕಬ್ಬಿಣ ಒಳಗೇ ಉಳೀತೈತಿ. ಕೊಟ್ಟು ಪ್ರಯೋಜನ ಇಲ್ಲ. ಪರಂಗಿ ರಸದಿಂದ ಬಬೇಸಿಯಾನೂ ಸಾಯೂದಿಲ್ಲ, ಆಂಟಿಬಾಡಿನೂ ನಿಲ್ಲೂದಿಲ್ಲ.

ತೋಟದಮನೆ_ಸಕಲೇಶಪುರ

ನಮ್ಮಜ್ಜಿ ಕಾಲದಿಂದ ಕೊಟ್ಟಿದೀವಿ ಡಾಕ್ಟ್ರೇ, ನಾಯಿಗಳು ಬದುಕಿವೆ. ಇರ್ಲಿ ಬಿಡಿ, ಇದು ವಾದ ಮಾಡೋ ಹೊತ್ತಲ್ಲ.

ಹುಬ್ಬಳ್ಳಿ_ಜರ್ಮನ್_ಶೆಫರ್ಡ್

ನಮ್ಮ ರಾಜಾನ ಕಥಿ ಹೇಳ್ತೀನಿ, ಯಾರಿಗಾರ ಉಪಯೋಗ ಆಗಲಿ. ಅವನ ಪಿಸಿವಿ 15ರಿಂದ ಮೆಲ್ಲಕ ಏರಿ 24 ಆಗಿತ್ತು. ಮನಿಯಾಗ ಎಲ್ಲಾರೂ ಖುಷಿ. ಒಂದು ಮುಂಜಾನೆ ಇದ್ದಕ್ಕಿದ್ದಂಗ ಏದುಸಿರು, ಕುತ್ತಿಗಿ ಮುಂದ ಚಾಚಿ ನಿಂತ, ಮಲಗಾಕ ಆಗಲಿಲ್ಲ. ಆಸ್ಪತ್ರಿ ಮುಟ್ಟೋದ್ರಾಗ ಮುಗದಿತ್ತು. ಪುಪ್ಪುಸದಾಗ ರಕ್ತ ಹೆಪ್ಪುಗಟ್ಟಿತ್ತು ಅಂದ್ರು. ರಕ್ತ ಹೆಪ್ಪುಗಟ್ಟದಂಗ ಗುಳಿಗಿ ಕೊಡಬೇಕು ಅಂತ ನಮಗ ಯಾರೂ ಹೇಳಿದ್ದಿಲ್ಲ. ಮೇಡಂ, ನೀವು ಇವತ್ತೇ ಕೇಳ್ರಿ.

ಪಶುವೈದ್ಯ_ಧಾರವಾಡ

ಬಹಳ ಬ್ಯಾಸರ ಆತ್ರಿ. ನೀವು ಹೇಳಿದ್ದು ಎಲ್ಲಾರೂ ಓದಬೇಕಾದ ಮಾತು. ಈ ರೋಗದಾಗ ನಾಯಿಗಳನ್ನ ಕೊಲ್ಲೋ ದೊಡ್ಡ ಕಾರಣ ಹೆಪ್ಪುಗಟ್ಟುವಿಕೆ, ಅದೂ ಮೊದಲ ಎರಡು ವಾರದಾಗ ಹೆಚ್ಚು. ಪ್ಲೇಟ್‌ಲೆಟ್ ತೀರಾ ಕಡಿಮೆ ಇಲ್ಲ ಅಂದ್ರ ಕ್ಲೋಪಿಡೋಗ್ರೆಲ್ ಅಥವಾ ಹೆಪಾರಿನ್ ಶುರುವಿನಿಂದಲೇ ಕೊಡೂದು ಈಗಿನ ಪದ್ಧತಿ. ಚಿನ್ನುದು 1.1 ಲಕ್ಷ, ಕೊಡಾಕ ಅಡ್ಡಿ ಇರಲಿಕ್ಕಿಲ್ಲ. ಡೋಸ್ ನಿಮ್ಮ ಡಾಕ್ಟ್ರೇ ನಿರ್ಧರಿಸಬೇಕು, ನಾನು ಇಲ್ಲಿ ಬರೆಯೂದಿಲ್ಲ.

ಬೆಂಗಳೂರು_ಬೀಗಲ್

ಲ್ಯಾಕ್ಟೇಟ್ ಅಂತ ಒಂದು ಟೆಸ್ಟ್ ಮಾಡ್ತಿದ್ರು ನಮ್ಮವನಿಗೆ. ಅದು ಯಾಕೆ?

ಪಶುವೈದ್ಯ_ಧಾರವಾಡ

ಅಂಗಾಂಗಕ್ಕ ಆಮ್ಲಜನಕ ಸಾಲದೇ ಹೋದ್ರ ಲ್ಯಾಕ್ಟೇಟ್ ಏರ್ತೈತಿ. ರಕ್ತ ಕೊಟ್ಟ ಮ್ಯಾಲೆ ಬೇಗ ಇಳಿದ್ರ ಒಳ್ಳೆ ಲಕ್ಷಣ, ಇಳಿಯದಿದ್ರ ಚಿಂತಿ. ಹಂಗೇ ಬಿಲಿರುಬಿನ್ ಬಹಳ ಏರಿದ್ದು, ಯೂರಿಯಾ ಏರಿದ್ದು, ಪ್ಲೇಟ್‌ಲೆಟ್ ಬಿದ್ದಿದ್ದು, ನ್ಯೂಟ್ರೋಫಿಲ್ ಅನ್ನೋ ಬಿಳಿ ಕಣಗಳ ಪೈಕಿ ಎಳೆಯವು ಜಾಸ್ತಿ ಆಗಿದ್ದು, ಇವೆಲ್ಲಾ ಕಷ್ಟದ ಕೇಸು ಅಂತ ತೋರಿಸೋ ಗುರುತು. ಹೆದರಿಸಾಕ ಹೇಳ್ತಿಲ್ಲ, ಇಂಥ ನಾಯಿಯನ್ನ ಮನಿಗೆ ಕಳಿಸದ ಆಸ್ಪತ್ರಿಯಾಗ ಇಟ್ಟುಕೊಂಡು ನೋಡಬೇಕು ಅನ್ನೋ ಸಲುವಾಗಿ.

ಚಿನ್ನು_ಮೈಸೂರು

ಎಲ್ಲರಿಗೂ ಕೈಮುಗಿದು ಥ್ಯಾಂಕ್ಸ್. ನಿನ್ನೆ ಮೊದಲನೇ ಡಾಕ್ಟ್ರ ಹತ್ರವೇ ಹೋದ್ವಿ. ನೀವೆಲ್ಲ ಹೇಳಿದ್ದನ್ನ ಕೇಳಿದಾಗ ಅವರು ಬೇಜಾರು ಮಾಡ್ಕೊಳ್ಳಲಿಲ್ಲ, ಕೂತು ಎಲ್ಲವನ್ನೂ ತೋರಿಸಿದ್ರು.

ಸಣ್ಣ ಗಾಜಿನ ಕೊಳವೆಗೆ ರಕ್ತ ಹಾಕಿ ಸೆಂಟ್ರಿಫ್ಯೂಜಲ್ಲಿ ತಿರುಗಿಸಿದ್ರು. ಕೆಳಗೆ ಒಂದಿಷ್ಟೇ ಕೆಂಪು, ಅದರ ಮೇಲೆ ದಪ್ಪಗೆ ಬಿಳಿ ಪದರ, ಅದರ ಮೇಲೆಲ್ಲ ಗಾಢ ಹಳದಿ ಪ್ಲಾಸ್ಮಾ. ಕೈಯಿಂದ ಮಾಡಿದ ಪಿಸಿವಿ 16. ಪ್ಲಾಸ್ಮಾ ಕೆಂಪಾಗಿಲ್ಲ, ಹಾಗಾಗಿ ಕಣಗಳು ಹೆಚ್ಚಾಗಿ ಗುಲ್ಮದಲ್ಲೇ ನಾಶ ಆಗ್ತಿವೆ ಅಂದ್ರು. ಸಲೈನ್ ಸ್ಲೈಡಲ್ಲಿ ಗುಂಪು ಬಿಡಲಿಲ್ಲ, ತೊಳೆದ ಮೇಲೂ ಹಾಗೇ ಇತ್ತು. ಸ್ಮಿಯರಲ್ಲಿ ಸ್ಫೀರೋಸೈಟ್ ಬೇಕಾದಷ್ಟು. ಕಿವಿ ರಕ್ತದಲ್ಲಿ ಬಬೇಸಿಯಾ ಕಾಣಲಿಲ್ಲ, ಪಿಸಿಆರ್ ಕಳಿಸಿದ್ದಾರೆ. ರೆಟಿಕ್ಯುಲೋಸೈಟ್ (ಹೊಸದಾಗಿ ಹುಟ್ಟಿದ ಎಳೆಯ ಕೆಂಪು ಕಣ) ಶೇ. 8 ಅಂತೆ. ಇದು ಒಳ್ಳೇದಾ, ಕೆಟ್ಟದ್ದಾ?

ಲ್ಯಾಬ್_ಟೆಕ್_ಶಿವಮೊಗ್ಗ

ಒಳ್ಳೇದು! ಹಿಮೋಗ್ಲೋಬಿನ್ 5.4ಕ್ಕೆ ಪಿಸಿವಿ 16 ಸರಿಯಾಗಿ ಹೊಂದುತ್ತೆ, ಮಶೀನಿನ 13 ತಪ್ಪು ಅಂತ ಗೊತ್ತಾಯ್ತಲ್ಲ. ರೆಟಿಕ್ಯುಲೋಸೈಟ್ ಬರೀ ಶೇಕಡಾ ನೋಡಬಾರದು, ಒಟ್ಟು ಲೆಕ್ಕ ಹಾಕಬೇಕು. ಕೆಂಪು ಕಣ ಸುಮಾರು 23 ಲಕ್ಷ ಇದ್ರೆ ಅದರ ಶೇ. 8 ಅಂದ್ರೆ 1.84 ಲಕ್ಷ. ನಾಯಿಗೆ 60,000 ದಾಟಿದ್ರೆ ಮೂಳೆಮಜ್ಜೆ ಹೊಸ ಕಣ ಮಾಡ್ತಿದೆ ಅಂತ ಅರ್ಥ.

ಪಶುವೈದ್ಯ_ಧಾರವಾಡ

ಹೌದ್ರಿ, ಮಜ್ಜೆ ಚಲೋ ಕೆಲಸ ಮಾಡಾಕತ್ತೈತಿ. ಬ್ಯಾರೆಯವರಿಗೆ ಹೇಳಬೇಕಂದ್ರ, ಮೊದಲ ದಿನ ರೆಟಿಕ್ಯುಲೋಸೈಟ್ ಕಡಿಮೆ ಇದ್ರ ಗಾಬರಿ ಬ್ಯಾಡ. ಮಜ್ಜೆ ಪೂರ್ತಿ ಎಚ್ಚರ ಆಗಾಕ ಮೂರರಿಂದ ಐದು ದಿನ ಬೇಕು. ಐದು ದಿನ ಆದ್ರೂ ಏರಲಿಲ್ಲ ಅಂದ್ರ ಆಂಟಿಬಾಡಿ ಮಜ್ಜೆಯಾಗಿನ ಎಳೆ ಕಣಗಳನ್ನೂ ಹೊಡೀತೈತೇನು ಅಂತ ನೋಡಬೇಕಾಗ್ತೈತಿ.

ಮಡಿಕೇರಿ_ಮಳೆ

ಹೋದ ತಿಂಗಳು ಲಸಿಕೆ ಹಾಕಿಸಿದ್ರಾ? ಲಸಿಕೆಯಿಂದಲೇ ಇದು ಬರೋದು ಅಂತ ಓದಿದ್ದೆ. ನಾನಂತೂ ನಮ್ಮ ನಾಯಿಗೆ ನಿಲ್ಲಿಸಿಬಿಟ್ಟಿದೀನಿ.

ಪಶುವೈದ್ಯ_ಧಾರವಾಡ

1996ರಲ್ಲಿ ಅಂಥ ಒಂದು ಅಧ್ಯಯನ ಬಂದಿದ್ದು ಖರೆ. ಆಮೇಲೆ ಬಂದ ಅಧ್ಯಯನಗಳಾಗ ಆ ಸಂಬಂಧ ಗಟ್ಟಿಯಾಗಿ ಕಂಡಿಲ್ಲ. ಈ ಕಾಯಿಲೆ ಬಂದು ವಾಸಿಯಾದ ನಾಯಿಗೆ ಯಾವ ಲಸಿಕೆ ಯಾವಾಗ ಅಂತ ಡಾಕ್ಟ್ರ ಜೊತಿ ಕೂತು ಯೋಚಿಸೋದು ಬ್ಯಾರೆ ಮಾತು. ಆರಾಮಿರೋ ನಾಯಿಗೆ ರೇಬಿಸ್ ಲಸಿಕೆ ನಿಲ್ಲಿಸೋದು ಖಂಡಿತ ಬ್ಯಾಡ. ಮನಿಯಾಗ ಮಕ್ಕಳಿರ್ತಾರ.

ಮಲ್ನಾಡ್_ಹುಡ್ಗ

ನಮ್ಮ ಸೊರಬದ ಕಡೆ ಮಂಗನ ಕಾಯಿಲೆ ತರೋ ಉಣುಗು ಇದೇನಾ?

ಲ್ಯಾಬ್_ಟೆಕ್_ಶಿವಮೊಗ್ಗ

ಅಲ್ಲ ಗುರು, ಅದು ಬೇರೆ. 1957ರಲ್ಲಿ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಆ ಕಾಯಿಲೆ ವೈರಸ್‌ದು, ಅದನ್ನ ಹರಡೋದು ಕಾಡಿನ ಉಣುಗು. ನಾಯಿ ಮೈಮೇಲೆ ಸಾಮಾನ್ಯವಾಗಿ ಕಾಣೋ ಕಂದು ಉಣುಗು ಊರಲ್ಲೇ, ಮನೆ ಗೋಡೆ ಬಿರುಕಲ್ಲೇ ಮೊಟ್ಟೆ ಇಡುತ್ತೆ. ನಾಯಿಗೆ ಮಾತ್ರೆ ಕೊಟ್ರೆ ಸಾಲದು, ಅದು ಮಲಗೋ ಜಾಗ, ಗೋಡೆ ಸಂದಿಗೂ ಔಷಧಿ ಹೊಡೀಬೇಕು.

ಕಡಲೂರ_ಮಾಣಿ

ಈರುಳ್ಳಿ ಹಾಕಿದ ಸಾಂಬಾರಿನ ಅನ್ನ ಕೊಟ್ಟರೂ ನಾಯಿಯ ಕೆಂಪು ಕಣ ಒಡೀತದೆ ಅಂತಾರಲ್ಲ, ಹೌದಾ? ನಮ್ಮಲ್ಲಿ ದಿನಾ ಅದೇ ಹಾಕುವುದು.

ಪಶುವೈದ್ಯ_ಧಾರವಾಡ

ಹೌದು, ನಿಲ್ಲಿಸ್ರಿ. ಈರುಳ್ಳಿ, ಬೆಳ್ಳುಳ್ಳಿ ಕಣವನ್ನ ಬ್ಯಾರೆ ದಾರಿಯಿಂದ ಒಡೀತಾವು. ಸ್ಮಿಯರಿನ್ಯಾಗ ಹೀನ್ಜ್ ಬಾಡಿ ಅಂತ ಕಾಣ್ತೈತಿ, ಆಂಟಿಬಾಡಿ ಸಂಬಂಧ ಇಲ್ಲ. ಚಿಕಿತ್ಸೆನೂ ಬ್ಯಾರೆ. ಸ್ಮಿಯರ್ ನೋಡದ ಸ್ಟೀರಾಯ್ಡ್ ಬರೀಬಾರದು ಅನ್ನಾಕ ಇದೂ ಒಂದು ಕಾರಣ.

ಚಿನ್ನು_ಮೈಸೂರು

ಮತ್ತೆ ಬರೀತಿದೀನಿ. ಪಿಸಿಆರಲ್ಲಿ ಬಬೇಸಿಯಾ, ಎರ್ಲಿಕಿಯಾ ಎರಡೂ ನೆಗೆಟಿವ್. ಹೊಟ್ಟೆ ಸ್ಕ್ಯಾನಲ್ಲಿ ಗೆಡ್ಡೆ ಇಲ್ಲ, ಗರ್ಭಕೋಶದಲ್ಲಿ ಸೋಂಕೂ ಇಲ್ಲ. ರಿಪೋರ್ಟ್ ಬರೋವರೆಗೂ ಕಾಯದೆ ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್), ಡಾಕ್ಸಿಸೈಕ್ಲಿನ್ (ಆಂಟಿಬಯೋಟಿಕ್), ಕ್ಲೋಪಿಡೋಗ್ರೆಲ್ ಶುರು ಮಾಡಿದ್ರು. ಒಂದು ಸಲ ರಕ್ತ ಕೊಡಬೇಕಾಯ್ತು. ಪರಿಚಯದವರ ಲ್ಯಾಬ್ರಡಾರ್ ಬಂದು ಕೊಟ್ಟಿತು, ಆ ಮನೆಯವರ ಋಣ ತೀರಿಸೋಕಾಗಲ್ಲ. ಪಿಸಿವಿ ಈಗ 29, ಬಿಲಿರುಬಿನ್ 0.6. ಮೆಟ್ಟಿಲು ಹತ್ತುತ್ತಾಳೆ. ವಿಪರೀತ ನೀರು ಕುಡೀತಾಳೆ, ಎಲ್ಲೆಂದ್ರಲ್ಲಿ ಮೂತ್ರ. ಲಿವರ್ ಟೆಸ್ಟಿನ ಎಎಲ್‌ಪಿ 900 ದಾಟಿದೆ, ಲಿವರ್ ಹೋಯ್ತಾ ಅಂತ ಭಯ. ಸ್ಟೀರಾಯ್ಡ್ ಕಡಿಮೆ ಮಾಡಬಹುದಾ?

ಪಶುವೈದ್ಯ_ಧಾರವಾಡ

ಬಹಳ ಸಂತೋಷ ಆತು! ನೀರು, ಮೂತ್ರ ಎರಡೂ ಸ್ಟೀರಾಯ್ಡಿಂದ. ಎಎಲ್‌ಪಿಗೂ ಅಂಜಬ್ಯಾಡ್ರಿ, ಸ್ಟೀರಾಯ್ಡ್ ತಗೊಳ್ಳೋ ನಾಯಿಯಾಗ ಅದು ಏರೋದು ಮಾಮೂಲು. ಮುಂದ ಅಜಾಥಿಯೋಪ್ರಿನ್ (ರೋಗನಿರೋಧಕ ವ್ಯವಸ್ಥೆ ತಗ್ಗಿಸೋ ಇನ್ನೊಂದು ಗುಳಿಗಿ) ಸೇರಿಸಿದ್ರ ಮಾತ್ರ ಎಎಲ್‌ಟಿ ಮ್ಯಾಲೆ ಕಣ್ಣಿಡ್ರಿ, ಆ ಗುಳಿಗಿ ಲಿವರಿಗೆ ನಿಜವಾಗಿ ಪೆಟ್ಟು ಕೊಡಬಹುದು.

ಸ್ಟೀರಾಯ್ಡ್ ಈಗಲೇ ಇಳಿಸಬ್ಯಾಡ್ರಿ. ಪಿಸಿವಿ 30 ದಾಟಿ ಎರಡು ವಾರ ಅಲ್ಲೇ ನಿಲ್ಲಬೇಕು. ಆಮೇಲೆ ಕಾಲು ಭಾಗ ಇಳಿಸಿ, ಸುಮಾರು ಮೂರು ವಾರ ಕಾದು, ಮತ್ತ ರಕ್ತ ನೋಡಿ ಮುಂದಿನ ಕಾಲು ಭಾಗ. ತಿಂಗಳುಗಟ್ಟಲೆ ಹಿಡೀತೈತಿ. ಪ್ರತಿ ಸಲ ಅದೇ ಜಾಗದಾಗ, ಕೈಯಿಂದ ಮಾಡಿದ ಪಿಸಿವಿಯನ್ನೇ ಹೋಲಿಸ್ರಿ. ಒಂದು ಸಲ ಮಶೀನ್, ಒಂದು ಸಲ ಕೊಳವೆ ಅಂತ ಬೆರೆಸಿದ್ರ ಏರಿತೋ ಇಳೀತೋ ತಿಳಿಯೂದಿಲ್ಲ.

ಹುಬ್ಬಳ್ಳಿ_ಜರ್ಮನ್_ಶೆಫರ್ಡ್

ಕ್ಲೋಪಿಡೋಗ್ರೆಲ್ ನೀವಾಗೇ ನಿಲ್ಲಿಸಬ್ಯಾಡ್ರಿ ಮೇಡಂ. ಚಿನ್ನು ಉಳಿದಾಳ ಅಂತ ಓದಿ ಕಣ್ಣಾಗ ನೀರು ಬಂತು.

ತೋಟದಮನೆ_ಸಕಲೇಶಪುರ

ಒಳ್ಳೇದಾಯ್ತಮ್ಮ. ನಮ್ಮ ತೋಟದ ನಾಯಿಗಳಿಗೂ ಈ ಸಲ ಸ್ಮಿಯರ್ ಮಾಡಿಸ್ತೀನಿ.

ತುಮಕೂರು_ಇಂಡಿ

ನಡುವೆ ಬರ್ತಿರೋದಕ್ಕೆ ಕ್ಷಮಿಸಿ. ನಮ್ಮ ನಾಯಿಗೂ ಇದೇ, ಪಿಸಿವಿ 12, ಕೈಯಿಂದ ಮಾಡಿದ್ದೇ. ಇವತ್ತೇ ರಕ್ತ ಬೇಕು. ಚೆನ್ನೈನ ಮದ್ರಾಸ್ ವೆಟರ್ನರಿ ಕಾಲೇಜಲ್ಲಿ ಪ್ರಾಣಿಗಳ ರಕ್ತನಿಧಿ ಇದೆ ಅಂತಾರೆ, ಅಷ್ಟು ದೂರ ಇವನನ್ನ ಕರ್ಕೊಂಡು ಹೋಗೋ ಸ್ಥಿತಿ ಇಲ್ಲ. ಹತ್ತಿರದಲ್ಲಿ ಯಾರಾದ್ರೂ ಇದೀರಾ?

ಕರಿಯನ_ಅಮ್ಮ

ನಾನು ನೆಲಮಂಗಲ. ಕರಿಯ 32 ಕೆ.ಜಿ., ನಾಲ್ಕು ವರ್ಷ, ಲಸಿಕೆ ಎಲ್ಲ ಆಗಿದೆ, ಟಿಕ್ ಟೆಸ್ಟ್ ನೆಗೆಟಿವ್. ಇವನು ಈ ಹಿಂದೆ ರಕ್ತ ತಗೊಂಡಿಲ್ಲ. ಕ್ರಾಸ್‌ಮ್ಯಾಚ್ (ಎರಡು ನಾಯಿಗಳ ರಕ್ತ ಹೊಂದುತ್ತಾ ಅಂತ ನೋಡೋದು) ಮಾಡೋಕೆ ನಿಮ್ಮ ಡಾಕ್ಟ್ರಿಗೆ ಹೇಳಿಡಿ, ಮೆಸೇಜ್ ಮಾಡಿ, ಈಗಲೇ ಹೊರಡ್ತೀವಿ.